ಆಂಟಿಜೆನ್ ಇಲ್ಲದ ವೆಲ್ ಕೂಡ ಹಳದಿಯಾದರೆ

ಪ್ರಶ್ನೆ: ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ, ಹಿಸ್ಟಿಡಿನ್ ಟ್ಯಾಗ್ (ಶುದ್ಧೀಕರಣಕ್ಕಾಗಿ ಜೋಡಿಸಿದ ಬಾಲ) ಇರುವ ವೈರಸ್ ಪ್ರೋಟೀನನ್ನು (ಆಂಟಿಜೆನ್) ಪ್ಲೇಟಿನ ವೆಲ್‌ಗಳಿಗೆ (ಪುಟ್ಟ ಗುಳಿಗಳಿಗೆ) ಕೋಟ್ ಮಾಡಿ ಎಲೈಸಾ (ಪ್ರತಿಕಾಯವನ್ನು ಬಣ್ಣದಿಂದ ಪತ್ತೆ ಹಚ್ಚುವ ಪರೀಕ್ಷೆ) ನಡೆಸುತ್ತಿದ್ದೇವೆ. ಸೀರಮ್ (ರಕ್ತದ ದ್ರವಭಾಗ) 1:50 ತೆಳುಗೊಳಿಸಿದ್ದು, ಬ್ಲಾಕಿಂಗ್‌ಗೆ (ವೆಲ್ಲಿನ ಖಾಲಿ ಜಾಗ ಮುಚ್ಚಲು) ಹಾಲಿನ ಪುಡಿ. ಸೋಂಕೇ ತಗಲದವರ ಸೀರಮ್ಮಿಗೂ ಓ.ಡಿ. (ಬಣ್ಣದ ಗಾಢತೆಯ ಅಳತೆ) 0.6 ಬರುತ್ತಿದೆ, ಸೋಂಕಿತರದ್ದು 1.2. ಸೆಕೆಂಡರಿ ಪ್ರತಿಕಾಯ (ಸೀರಮ್ಮಿನ ಪ್ರತಿಕಾಯವನ್ನು ಹಿಡಿದು ಬಣ್ಣ ತರಿಸುವುದು) ಬದಲಿಸಬೇಕೇ?

ಉತ್ತರ: ಈಗಲೇ ಬೇಡ. ತಪ್ಪು ಎಲ್ಲಿದೆ ಎಂಬುದನ್ನು ಮುಂದಿನ ಪ್ಲೇಟಿನಲ್ಲೇ ಪತ್ತೆ ಹಚ್ಚಬಹುದು. ಮೂರು ಬಗೆಯ ಕಂಟ್ರೋಲ್ ವೆಲ್‌ಗಳನ್ನು ಎರಡೆರಡು ಇಡಿ. ಮೊದಲನೆಯದರಲ್ಲಿ ಆಂಟಿಜೆನ್ ಇದೆ, ಸೀರಮ್ ಇಲ್ಲ. ಅದು ಹಳದಿಯಾದರೆ ಮಾತ್ರ ಸೆಕೆಂಡರಿಯನ್ನೋ ವಾಶಿಂಗನ್ನೋ ದೂರಬೇಕು. ಎರಡನೆಯದರಲ್ಲಿ ಆಂಟಿಜೆನ್ ಇಲ್ಲ, ಬ್ಲಾಕಿಂಗ್ ಮತ್ತು ಸೀರಮ್ ಇವೆ. ಅದು ಹಳದಿಯಾದರೆ ಸೀರಮ್ಮಿನ ಐಜಿಜಿ (ಪ್ರತಿಕಾಯದ ಒಂದು ಬಗೆ) ಪ್ಲಾಸ್ಟಿಕ್ಕಿಗೋ ಹಾಲಿಗೋ ಅಂಟಿದೆ. ಹಸುವಿನ ಹಾಲಿನ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ಇರುವವರು ಬಹಳ ಮಂದಿ ಇದ್ದಾರೆ. ಹಾಲಿನ ಬದಲು ಮೀನಿನ ಜೆಲಟಿನ್ ಹಾಕಿ ನೋಡಿ. ಮೂರನೆಯದು ಹೆಚ್ಚಿನವರು ಬಿಟ್ಟುಬಿಡುವ ಕಂಟ್ರೋಲ್: ಅದೇ ಇ. ಕೋಲೈಯಲ್ಲಿ, ಅದೇ ಟ್ಯಾಗಿನೊಂದಿಗೆ ತಯಾರಾದ, ವೈರಸ್ಸಿಗೆ ಸಂಬಂಧವೇ ಇಲ್ಲದ ಪ್ರೋಟೀನ್.

ನಿಮ್ಮ ವಿವರ ಓದಿದರೆ ಅನುಮಾನ ಹೋಗುವುದು ಈ ಮೂರನೆಯದರ ಮೇಲೆಯೇ. ಇ. ಕೋಲೈ ಬಹುತೇಕ ಎಲ್ಲರ ಕರುಳಿನಲ್ಲೂ ಇರುವುದರಿಂದ ಅದರ ವಿರುದ್ಧದ ಪ್ರತಿಕಾಯ ಹೆಚ್ಚುಕಡಿಮೆ ಎಲ್ಲರ ರಕ್ತದಲ್ಲೂ ಇರುತ್ತದೆ. ನಿಕ್ಕಲ್ ಕಾಲಮ್ಮಿನಿಂದ (ಟ್ಯಾಗ್ ಹಿಡಿದು ಶುದ್ಧೀಕರಿಸುವ ಕೊಳವೆಯಿಂದ) ಬಂದ ಪ್ರೋಟೀನಿನಲ್ಲಿ ಉಳಿದ ಇ. ಕೋಲೈಯ ಅಲ್ಪ ಕಲ್ಮಶ ಸಾಕು, ವೆಲ್ ಹಳದಿಯಾಗುತ್ತದೆ. ಪರಿಹಾರ ಸುಲಭ: ಪ್ಲಾಸ್ಮಿಡ್ (ವೈರಸ್ ಜೀನ್ ಹೊತ್ತ ಡಿಎನ್‌ಎ ಉಂಗುರ) ಹಾಕದ ಅದೇ ತಳಿಯ ಲೈಸೇಟನ್ನು (ಒಡೆದ ಕೋಶಗಳ ರಸವನ್ನು) ಸೀರಮ್ ತೆಳುಗೊಳಿಸುವ ಡೈಲ್ಯೂಯೆಂಟಿಗೆ ಸೇರಿಸಿ, 30 ನಿಮಿಷ ಬಿಟ್ಟು ಆಮೇಲೆ ಪ್ಲೇಟಿಗೆ ಹಾಕಿ. ಪ್ರತಿ ಮಿಲೀಗೆ ಅರ್ಧ ಮಿಲಿಗ್ರಾಂನಿಂದ ಶುರು ಮಾಡಿ ಏರಿಸಿ, ಇಳಿಸಿ ನೋಡಿ.

1:50 ತೀರಾ ಗಟ್ಟಿಯಾಯಿತು. 1:100ರಿಂದ 1:6400ರವರೆಗೆ ದುಪ್ಪಟ್ಟು ದುಪ್ಪಟ್ಟು ತೆಳುಗೊಳಿಸುತ್ತ ಹೋಗಿ. ಸುಮ್ಮನೆ ಅಂಟಿಕೊಂಡದ್ದು ಸಾಮಾನ್ಯವಾಗಿ ಬೇಗ ಕುಸಿಯುತ್ತದೆ, ನಿಜವಾದ ಪ್ರತಿಕಾಯದ ಗೆರೆ ನಿಧಾನವಾಗಿ ಇಳಿಯುತ್ತದೆ. ವಾಶ್ ಬಫರಿನಲ್ಲಿ ಟ್ವೀನ್-20 (ಸೋಪಿನಂಥ ದ್ರವ) ಶೇ 0.05 ಇರಲಿ, ವೆಲ್ಲಿಗೆ 300 ಮೈಕ್ರೋಲೀಟರ್, ಕನಿಷ್ಠ ಮೂರು ಸಲ. ಸೋಡಿಯಂ ಅಜೈಡ್ ಹಾಕಿಟ್ಟ ಬಫರನ್ನು ಮಾತ್ರ ಹತ್ತಿರ ಬಿಡಬೇಡಿ, ಅದು ಬಣ್ಣ ತರಿಸುವ ಕಿಣ್ವವಾದ ಪೆರಾಕ್ಸಿಡೇಸನ್ನೇ ತಡೆಯುತ್ತದೆ. ಆಗ ಬ್ಯಾಕ್‌ಗ್ರೌಂಡ್ ಮಾಯವಾಯಿತೆಂದು ಖುಷಿಪಡುತ್ತೀರಿ, ಜೊತೆಗೆ ಪಾಸಿಟಿವ್ ಕೂಡ ಮಾಯವಾಗಿರುತ್ತದೆ.

ಇಷ್ಟಾದ ಮೇಲೆ ಇನ್‌ಹಿಬಿಷನ್ ಪರೀಕ್ಷೆ (ಸೀರಮ್ಮಿಗೆ ಆಂಟಿಜೆನ್ ಮೊದಲೇ ಬೆರೆಸಿ ಪ್ರತಿಕಾಯವನ್ನು ತಡೆದು ನೋಡುವುದು) ಮಾಡದೆ ಯಾವ ಸೀರಮ್ಮನ್ನೂ ಪಾಸಿಟಿವ್ ಎಂದು ಬರೆಯಬೇಡಿ. 1:200 ಸೀರಮ್ಮನ್ನು ಎರಡು ಟ್ಯೂಬಿಗೆ ಹಂಚಿ. ಒಂದಕ್ಕೆ ಪ್ರತಿ ಮಿಲೀಗೆ 20 ಮೈಕ್ರೋಗ್ರಾಂ ನಿಮ್ಮ ಆಂಟಿಜೆನ್, ಇನ್ನೊಂದಕ್ಕೆ ಅಷ್ಟೇ ಪ್ರಮಾಣದ ಸಂಬಂಧವಿಲ್ಲದ ಪ್ರೋಟೀನ್. 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಪ್ಲೇಟಿಗೆ ಹಾಕಿ. ಮೊದಲನೆಯದರ ಓ.ಡಿ. ಮಾತ್ರ ಅರ್ಧಕ್ಕಿಂತ ಕೆಳಗಿಳಿದರೆ ಪ್ರತಿಕಾಯ ನಿಮ್ಮ ಪ್ರೋಟೀನಿಗೇ ಅಂಟಿದೆ ಎನ್ನಬಹುದು. ಆದರೆ ಪ್ಲೇಟಿಗೂ ಟ್ಯೂಬಿಗೂ ಅದೇ ಬ್ಯಾಚಿನ ಆಂಟಿಜೆನ್ ಬಳಸಿದರೆ ಕಲ್ಮಶವೂ ಜೊತೆಗೇ ಬಂದು ತಡೆಯೊಡ್ಡುತ್ತದೆ, ಪರೀಕ್ಷೆ ನಿಮಗೇ ಸುಳ್ಳು ಹೇಳುತ್ತದೆ. ಟ್ಯೂಬಿಗೆ ಹಾಕುವ ಆಂಟಿಜೆನ್ ಕೀಟದ ಅಥವಾ ಸಸ್ತನಿಯ ಕೋಶದಲ್ಲಿ ತಯಾರಾದದ್ದಾಗಿರಲಿ. ಇನ್ನೊಂದು ತೊಡಕು: ಪ್ಲಾಸ್ಟಿಕ್ಕಿಗೆ ಅಂಟಿದ ಪ್ರೋಟೀನ್ ಭಾಗಶಃ ಬಿಚ್ಚಿಕೊಂಡಿರಬಹುದು. ಬಿಚ್ಚಿದ ರೂಪವನ್ನಷ್ಟೇ ಗುರುತಿಸುವ ಪ್ರತಿಕಾಯವನ್ನು ದ್ರಾವಣದಲ್ಲಿರುವ ಪ್ರೋಟೀನ್ ತಡೆಯದು.

ಪ್ರಶ್ನೆ: ಝಿಕಾ ಐಜಿಜಿ ಕಿಟ್ಟಿನ ನಿರ್ದಿಷ್ಟತೆ ಶೇ 98 ಎಂದಿದೆ. ಹಾಗಾದರೆ 100 ಪಾಸಿಟಿವ್‌ಗಳಲ್ಲಿ 98 ನಿಜವೇ?

ಉತ್ತರ: ಅಲ್ಲ. ಆ 98 ಸೋಂಕು ತಗಲದವರಲ್ಲಿ ನೆಗೆಟಿವ್ ಬರುವವರ ಲೆಕ್ಕ, ಪಾಸಿಟಿವ್ ಬಂದವರದ್ದಲ್ಲ. 10,000 ಜನರಲ್ಲಿ ಶೇ 1ರಷ್ಟು, ಅಂದರೆ 100 ಜನರಿಗೆ ಸೋಂಕು ತಗಲಿತ್ತು ಎನ್ನಿ. ಸಂವೇದನಶೀಲತೆ (ಸೋಂಕಿತರಲ್ಲಿ ಪಾಸಿಟಿವ್ ಬರುವವರ ಪ್ರಮಾಣ) ಶೇ 95 ಇದ್ದರೆ 95 ಮಂದಿ ಸಿಗುತ್ತಾರೆ. ಉಳಿದ 9,900 ಜನರಲ್ಲಿ ಶೇ 2, ಎಂದರೆ 198 ಮಂದಿ ಸುಮ್ಮನೆ ಪಾಸಿಟಿವ್. ಒಟ್ಟು 293ರಲ್ಲಿ ನಿಜವಾದದ್ದು ಮೂರನೇ ಒಂದು ಭಾಗ.

ಜೊತೆಗೆ, ಆ 98 ಅನ್ನು ಯಾರ ಸೀರಮ್ಮಿನಲ್ಲಿ ಅಳೆದರು ಎಂದು ಕಿಟ್ಟಿನ ಕಾಗದದಲ್ಲಿ ಹುಡುಕಿ. ಡೆಂಗಿ ಮತ್ತು ಝಿಕಾ ವೈರಸ್‌ಗಳ ಎನ್ವಲಪ್ (ಹೊರಕವಚ) ಪ್ರೋಟೀನುಗಳಲ್ಲಿ ಫ್ಯೂಶನ್ ಲೂಪ್ ಎಂಬ ಭಾಗ ಬಹುತೇಕ ಒಂದೇ, ಒಂದರ ಪ್ರತಿಕಾಯ ಇನ್ನೊಂದಕ್ಕೂ ಅಂಟುತ್ತದೆ. ಡೆಂಗಿ ಬಂದುಹೋದವರೇ ಇಲ್ಲದ ಗುಂಪಿನಲ್ಲಿ ಅಳೆದ ಸಂಖ್ಯೆ ಡೆಂಗಿ ಹರಡಿರುವ ಊರಿನಲ್ಲಿ ನಿಲ್ಲದು. ಖಚಿತಪಡಿಸಲು ಎರಡೂ ವೈರಸ್ಸುಗಳ ಎದುರು ಪ್ಲಾಕ್ ನ್ಯೂಟ್ರಲೈಸೇಶನ್ (ಸೀರಮ್ ಜೀವಂತ ವೈರಸ್ಸನ್ನು ಎಷ್ಟು ತಡೆಯುತ್ತದೆ ಎಂದು ನೋಡುವ ಪರೀಕ್ಷೆ) ಮಾಡಿ, ಒಂದರ ಟೈಟರ್ (ಎಷ್ಟು ತೆಳುಗೊಳಿಸಿದರೂ ತಡೆಯುತ್ತದೆ ಎಂಬ ಅಳತೆ) ಇನ್ನೊಂದರ ಕನಿಷ್ಠ ನಾಲ್ಕು ಪಟ್ಟು ಇದೆಯೇ ನೋಡಿ. ಎರಡೂ ಒಟ್ಟಿಗೇ ಏರಿದ್ದರೆ ‘ಫ್ಲೇವಿವೈರಸ್ (ಡೆಂಗಿ, ಝಿಕಾ ಸೇರಿದ ವೈರಸ್ ಗುಂಪು) ಸೋಂಕು, ಯಾವುದೆಂದು ತಿಳಿಯದು’ ಎಂದೇ ವರದಿ ಕೊಡಿ.