ದಿನವೂ ಪ್ರಾರ್ಥಿಸಬೇಕೆಂಬ ತೀರ್ಮಾನ ಕೆಲವೇ ವಾರಗಳಲ್ಲಿ ಬಿದ್ದುಹೋಗುತ್ತದೆ, ಏನು ಮಾಡಲಿ?

ಸುಂಟಿಕೊಪ್ಪದ ಕಡೆಯ ತೋಟವೊಂದರಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿರುವುದಾಗಿಯೂ, ಪ್ರತಿ ಹೊಸ ವರ್ಷಕ್ಕೆ ದಿನನಿತ್ಯದ ಪ್ರಾರ್ಥನೆ ಮತ್ತು ಸತ್ಯವೇದ ವಾಚನವನ್ನು ಆರಂಭಿಸಿ ಕೆಲವೇ ವಾರಗಳಲ್ಲಿ ಬಿಟ್ಟುಬಿಡುವುದಾಗಿಯೂ, ಪ್ರಾರ್ಥನೆಗೆ ಕುಳಿತರೂ ಏನು ಹೇಳಬೇಕೆಂದು ತೋಚುವುದಿಲ್ಲವೆಂದೂ ಬರೆದಿದ್ದೀರಿ. ನಾನು ಸಭಾಪಾಲಕನಲ್ಲ, ಸೋಮವಾರಪೇಟೆಯ ಬಳಿ ಸಣ್ಣ ತೋಟ ನೋಡಿಕೊಂಡಿರುವ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯ ಒಬ್ಬ ಸಾಮಾನ್ಯ ಸದಸ್ಯ. ಆದ್ದರಿಂದ ತೋಟದ ದಿನಚರಿಯನ್ನು ಬಲ್ಲವನಾಗಿ ಉತ್ತರಿಸುತ್ತೇನೆ.

ನಿಮ್ಮ ಭಕ್ತಿಗಿಂತ ಮೊದಲು ನಿಮ್ಮ ಪಂಚಾಂಗವನ್ನು ಸಂಶಯಿಸಬೇಕೆಂದು ನನಗೆ ತೋರುತ್ತದೆ. ಅರೇಬಿಕಾ ಕಾಫಿಯ ಕೊಯ್ಲು ಮುಗಿಯುವಷ್ಟರಲ್ಲಿ ರೋಬಸ್ಟಾ ಕಾಫಿ ಹಣ್ಣಾಗಿ, ಬೆಳಿಗ್ಗೆ ಆಳುಗಳ ಹಾಜರಿಯಿಂದ ಸಂಜೆ ತೂಕ, ಲೆಕ್ಕ, ಕಣದ ಮೇಲಿನ ಕಾಫಿಗೆ ಟಾರ್ಪಾಲು ಮುಚ್ಚಿಸುವವರೆಗೆ ಉಸಿರಾಡಲು ಬಿಡುವಿಲ್ಲದ ಜನವರಿಯಲ್ಲಿ ಹೊಸ ಅಭ್ಯಾಸವೊಂದನ್ನು ಕಟ್ಟಲು ಹೊರಡುವುದು ಕೊಡಗಿನ ಮಟ್ಟಿಗೆ ಬಹಳ ಕಷ್ಟದ ಆಯ್ಕೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಆರಂಭಿಸಿ. ಸಂಜೆ ಬೇಗ ಕತ್ತಲಾಗುತ್ತದೆ, ಕರೆಂಟು ಇರುವುದಿಲ್ಲ, ನೆಟ್‌ವರ್ಕ್ ಕೈಕೊಡುತ್ತದೆ. ನಾವೆಲ್ಲ ಶಪಿಸುವ ಈ ಮೂರೂ ಪ್ರಾರ್ಥನೆಗೆ ಅನುಕೂಲವೇ. ಫೋನಿನಲ್ಲಿ ಓದುವ ಅಭ್ಯಾಸವಿದ್ದರೆ ಮಾತ್ರ, ಮಳೆ ಬರುವ ಮೊದಲೇ ಅಚ್ಚಿನ ಸತ್ಯವೇದವೊಂದನ್ನೂ ಒಂದು ಟಾರ್ಚನ್ನೂ ಜೊತೆಯಾಗಿ ಇಟ್ಟುಕೊಳ್ಳಿ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಅಭ್ಯಾಸವೊಂದು ತಾನಾಗಿಯೇ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು; ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೂ ವ್ಯತ್ಯಾಸವಾಗುತ್ತಿತ್ತು. ಅವರು ನೋಡಿದ್ದು ಆಹಾರ, ಪಾನೀಯ, ವ್ಯಾಯಾಮದ ಅಭ್ಯಾಸಗಳನ್ನು, ಪ್ರಾರ್ಥನೆಯನ್ನಲ್ಲ. ಆದರೂ ಅದರ ಎರಡು ಮಾತು ನಮಗೆ ಉಪಯುಕ್ತ: ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಹೊಸದನ್ನು ಅಂಟಿಸಬೇಕು, ಮತ್ತು ಒಂದು ದಿನ ತಪ್ಪಿದರೆ ಹಿಂದಿನದೆಲ್ಲ ಹಾಳಾಗುವುದಿಲ್ಲ. ನಿಮ್ಮಲ್ಲಿ ತಪ್ಪದೆ ನಡೆಯುವುದು ಹಾಜರಿಗೆ ಮುಂಚಿನ ಕಾಫಿ. ಲೋಟ ಕೆಳಗಿಟ್ಟ ಕೂಡಲೇ, ಅದೇ ಕುರ್ಚಿಯಲ್ಲಿ, ಪುಸ್ತಕ ತೆರೆಯಿರಿ. ಕರ್ತನಾದ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿದೆ, ನಿಜ. ಆದರೆ ಆನೆ ಓಡಾಡುವ ನಮ್ಮ ತೋಟಗಳಲ್ಲಿ ಅದನ್ನು ಅಕ್ಷರಶಃ ಅನುಸರಿಸಬೇಡಿ.

ಇನ್ನು ಏನು ಹೇಳಬೇಕೆಂಬ ಪ್ರಶ್ನೆ. ಅಭ್ಯಾಸ ಮುರಿಯುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಪ್ರಾರ್ಥನೆಯೆಂದರೆ ಪ್ರತಿದಿನ ಹೊಸದಾಗಿ ಮನಸ್ಸಿನಿಂದ ಉಕ್ಕಿಬರಬೇಕಾದ ಮಾತು ಎಂದು ನಮ್ಮ ಉಪವಾಸ ಕೂಟಗಳಲ್ಲಿ ನಿರರ್ಗಳವಾಗಿ ಪ್ರಾರ್ಥಿಸುವವರನ್ನು ಕೇಳಿ ಕೇಳಿ ನಾವು ನಂಬಿದ್ದೇವೆ. ಆದರೆ ಪ್ರಾರ್ಥಿಸಲು ಕಲಿಸೆಂದು ಶಿಷ್ಯರು ಕೇಳಿದಾಗ ಯೇಸು ಅವರಿಗೆ ಕೊಟ್ಟದ್ದು ಸಿದ್ಧವಾದ ಮಾತುಗಳನ್ನೇ, ಅದೇ ಕರ್ತನ ಪ್ರಾರ್ಥನೆ. ಆದಿಸಭೆಯ ಅತಿ ಹಳೆಯ ಬರಹಗಳಲ್ಲೊಂದಾದ ದಿದಾಖೆಯು ಆ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಾರಿ ಹೇಳಬೇಕೆಂದು ವಿಧಿಸುತ್ತದೆ. ದಾನಿಯೇಲನೂ ಯೆರೂಸಲೇಮಿನ ಕಡೆಗಿನ ಕಿಟಕಿಯ ಬಳಿ ದಿನಕ್ಕೆ ಮೂರು ಸಾರಿಯೇ ಮೊಣಕಾಲೂರುತ್ತಿದ್ದನು. ಕಥೋಲಿಕ ಬಂಧುಗಳು ಬೆಳಿಗ್ಗೆ, ನಡುಹಗಲು, ಸಂಜೆ ಗಂಟೆಗೆ ಸರಿಯಾಗಿ ಜಪ ಮಾಡುವ ಪದ್ಧತಿಯನ್ನು ಉಳಿಸಿಕೊಂಡಿದ್ದಾರೆ, ಮತ್ತು ಈ ವಿಷಯದಲ್ಲಿ ಅವರಿಂದ ನಾವು ಕಲಿಯಬಹುದು.

ಸ್ವಂತ ಮಾತು ಬತ್ತಿದ ದಿನಗಳಿಗೆ ಸತ್ಯವೇದದ 150 ಕೀರ್ತನೆಗಳಿವೆ. ದಿನಕ್ಕೊಂದರಂತೆ, ಮೆಲ್ಲಗೆಯಾದರೂ ಬಾಯಿಬಿಟ್ಟು ಓದಿ, ನಿಮ್ಮ ಮನಸ್ಸಿಗೆ ತಟ್ಟಿದ ಸಾಲಿನಲ್ಲಿ ನಿಂತು ಅದನ್ನೇ ನಿಮ್ಮ ಪ್ರಾರ್ಥನೆಯಾಗಿ ತಿರುಗಿಸಿ. ಎಲ್ಲವೂ ಸ್ತುತಿಯಲ್ಲ: 13ನೆಯದು ಎಷ್ಟರವರೆಗೆ ನನ್ನನ್ನು ಮರೆತಿರುವಿ ಎಂದು ದೇವರನ್ನೇ ಕೇಳುತ್ತದೆ, 88ನೆಯದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಮನಸ್ಸು ಒಣಗಿದ ದಿನ ಇವು ಸುಳ್ಳು ಉತ್ಸಾಹವನ್ನು ಬೇಡುವುದಿಲ್ಲ. 117ರಲ್ಲಿ ಎರಡೇ ವಚನ, 119ರಲ್ಲಿ 176. ದೊಡ್ಡದನ್ನು ಎಂಟೆಂಟು ವಚನಗಳ ಭಾಗಗಳಾಗಿ ಒಡೆದುಕೊಳ್ಳಬಹುದು, ಮೂಲದಲ್ಲಿಯೂ ಅದರ ರಚನೆ ಹಾಗೆಯೇ ಇದೆ.

ಓದಿನ ವಿಷಯದಲ್ಲಿ, ವರ್ಷಕ್ಕೆ ಇಡೀ ಸತ್ಯವೇದ ಎಂಬ ಸಂಕಲ್ಪ ಬೇಡ. ನಮ್ಮ ಪುಸ್ತಕದಲ್ಲಿ 1,189 ಅಧ್ಯಾಯಗಳಿವೆ, ದಿನಕ್ಕೆ ಮೂರಕ್ಕಿಂತ ಹೆಚ್ಚಾಯಿತು, ಮತ್ತು ಯಾಜಕಕಾಂಡ ತಲಪುವ ಹೊತ್ತಿಗೆ ಬಹಳ ಮಂದಿ ಕೈಚೆಲ್ಲುತ್ತಾರೆ. ಹೊಸ ಒಡಂಬಡಿಕೆಯಲ್ಲಿರುವುದು 260. ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯ ಓದಿದರೆ ಸರಿಯಾಗಿ 52 ವಾರಗಳಲ್ಲಿ ಮುಗಿಯುತ್ತದೆ, ತಪ್ಪಿದ ದಿನವನ್ನು ಸರಿದೂಗಿಸಲು ಶನಿವಾರವೂ ಉಳಿಯುತ್ತದೆ. ಮಾರ್ಕನಿಂದ ಆರಂಭಿಸಿ, 16 ಅಧ್ಯಾಯಗಳ ಚಿಕ್ಕ ಸುವಾರ್ತೆ ಅದು.

ಕೊಯ್ಲು ಬಂದಾಗ ಈ ಅಳತೆಯನ್ನು ಕಡಿಮೆ ಮಾಡಿಕೊಳ್ಳುವುದೆಂದು ಈಗಲೇ ತೀರ್ಮಾನಿಸಿಬಿಡಿ, ಆಗ ಅದು ಸೋಲಾಗುವುದಿಲ್ಲ. ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಭೆ 1731ರಿಂದ ಪ್ರತಿ ವರ್ಷ ದಿನಕ್ಕೊಂದು ವಚನದ ಪುಸ್ತಕವನ್ನು ಅಚ್ಚು ಹಾಕುತ್ತ ಬಂದಿದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಿಮಗೆ ಆ ಕ್ರಮ ಸಾಕು. ಒಂದು ವಚನವನ್ನು ಚೀಟಿಯಲ್ಲಿ ಬರೆದು ಹಾಜರಿ ಪುಸ್ತಕದೊಳಗೆ ಇಟ್ಟುಕೊಳ್ಳಿ, ಕಾಫಿ ಕುಡಿದ ಮೇಲೆ ಅದೇ ಕುರ್ಚಿಯಲ್ಲಿ ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಒಮ್ಮೆ ಹೇಳಿ ಹೊರಡಿ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಕೆಲಸ ಸಡಿಲವಾದ ಮೇಲೆ, ನಿಲ್ಲಿಸಿದ್ದ ಅಧ್ಯಾಯದಿಂದ ಓದನ್ನು ಮುಂದುವರಿಸಬಹುದು.