ಹುಣಿಯ ಮೇಲೆ ಬಿದ್ದ ರಕ್ತ

ಪತ್ರ: ‘ಗ್ಯಾಂಗ್ ಕೊಲೆಗಳು ಮತ್ತೆ ಮತ್ತೆ ಅದೇ ನಾಲ್ಕು ಏರಿಯಾಗಳಲ್ಲಿ ಯಾಕೆ ಆಗುತ್ತವೆ? ಅಲ್ಲಿನವರ ಗುಣವೇ ಹಾಗೆ. ಆ ಏರಿಯಾದ ನಟ್ಟನಡುವೆ ಒಂದು ಠಾಣೆ ಕಟ್ಟಿದರೆ ಮುಗಿಯಿತು.’
– ಓದುಗರೊಬ್ಬರು, ಉಡುಪಿ

ಸಂಪಾದಕರ ಉತ್ತರ: ಬಡತನ, ಕೆಲಸವಿಲ್ಲದ ಹುಡುಗರು, ಸಲೀಸಾಗಿ ಸಿಗುವ ಗಾಂಜಾ ಇದ್ದಲ್ಲಿ ಗ್ಯಾಂಗ್ ಬೇಗ ಬೇರು ಬಿಡುತ್ತದೆ ಎಂಬಷ್ಟಕ್ಕೆ ನಿಮ್ಮ ಮಾತು ಸರಿ. ಆದರೆ ‘ಗುಣವೇ ಹಾಗೆ’ ಅಂದಿರಲ್ಲ, ಅದನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ ಮಾರಾಯ್ರೆ.

ನಮ್ಮ ಕಡೆ ಬೇಸಾಯ ಮಾಡಿದವರಿಗೆ ಗೊತ್ತು: ಜಗಳ ಆಗುವುದು ಗದ್ದೆಯ ನಡುವೆ ಅಲ್ಲ, ಹುಣಿಯ ಮೇಲೆ, ಅಂದರೆ ಎರಡು ಗದ್ದೆಗಳ ನಡುವಿನ ಬದುವಿನ ಮೇಲೆ. ಈಚೆಯವ ಒಂದು ಗೇಣು ಕೆತ್ತಿದ, ಆಚೆಯವ ಹಾರೆ ಎತ್ತಿದ. ಗ್ಯಾಂಗುಗಳದ್ದೂ ಅದೇ ಲೆಕ್ಕ. ಅಡ್ಡೆಯ ಸುತ್ತ ಹಫ್ತಾ ಎತ್ತುವವನಿಗೆ ಅಲ್ಲೇ ಹೆಣ ಬೀಳುವುದು ಬೇಡ, ಪೊಲೀಸ್ ಬಂದರೆ ವಸೂಲಿ ನಿಲ್ಲುತ್ತದೆ. ಎದುರಾಳಿಗೂ ಅಷ್ಟು ಒಳಗೆ ನುಗ್ಗುವ ಧೈರ್ಯವಿಲ್ಲ. ಇಬ್ಬರೂ ಎದುರಾಗುವುದು ಅಂಚಿನಲ್ಲಿ.

ಲಾಸ್ ಏಂಜಲೀಸ್‌ನ ಹಾಲನ್‌ಬೆಕ್ ಪೊಲೀಸ್ ವಲಯದಲ್ಲಿ 13 ಗ್ಯಾಂಗುಗಳ ನಡುವಿನ 563 ಗುಂಡಿನ ದಾಳಿಗಳನ್ನು ಸಂಶೋಧಕರು ಲೆಕ್ಕ ಹಾಕಿ 2012ರಲ್ಲಿ ಪ್ರಕಟಿಸಿದರು. ವಿಧಾನ ಸರಳ. ಎರಡು ಅಡ್ಡೆಗಳನ್ನು ನಕ್ಷೆಯಲ್ಲಿ ಗೆರೆಯಿಂದ ಸೇರಿಸಿ, ಅದರ ಮಧ್ಯಬಿಂದುವಿನಲ್ಲಿ ಲಂಬ ಎಳೆಯಿರಿ. ಸಮಬಲರಾದರೆ ಗಡಿ ಅದೇ. ಒಬ್ಬ ಬಲಿಷ್ಠನಾದರೆ ಗೆರೆ ದುರ್ಬಲನ ಕಡೆಗೆ ಸರಿಯುತ್ತದೆ. ಅರ್ಧಕ್ಕಿಂತ ಹೆಚ್ಚು ದಾಳಿಗಳು ಹೀಗೆ ಎಳೆದ ಗಡಿಯಿಂದ ಸುಮಾರು 320 ಮೀಟರ್ ಒಳಗೇ ನಡೆದಿದ್ದವು!

ಇನ್ನು ಗುಣದ ಮಾತು. ಮೆಕ್ಸಿಕೋದ ಸಿಯುದಾದ್ ಹ್ವಾರೆಸ್‌ನಲ್ಲಿ 2007ರಲ್ಲಿ ಸುಮಾರು 300 ಕೊಲೆ. ಅಮೆರಿಕಕ್ಕೆ ದಾಟುವ ಸೇತುವೆಗಳ ಹಿಡಿತಕ್ಕಾಗಿ ಸಿನಲೋವಾ ಎಂಬ ಕಾರ್ಟೆಲ್‌ನವರು (ಮಾದಕವಸ್ತು ಸಾಗಿಸುವ ದೊಡ್ಡ ಗ್ಯಾಂಗು) ಸ್ಥಳೀಯ ಕಾರ್ಟೆಲ್ ಮೇಲೆ ಬಿದ್ದರು. 2010ರಲ್ಲಿ ಲೆಕ್ಕ 3,000 ದಾಟಿತು. ಹೊಳೆಯ ಆಚೆ ದಡದಲ್ಲಿರುವ ಅಮೆರಿಕದ ಎಲ್ ಪಾಸೋದಲ್ಲಿ ಅದೇ ವರ್ಷ ಐದು ಕೊಲೆ. ಎರಡೂ ದಡದಲ್ಲಿ ಅವೇ ಮನೆತನಗಳು, ಅದೇ ಭಾಷೆ. 2012ರ ಹೊತ್ತಿಗೆ ಹ್ವಾರೆಸ್ ಸಾವಿರದೊಳಗೆ ಇಳಿಯಿತು. ನಾಲ್ಕೈದು ವರ್ಷದಲ್ಲಿ ಜನರ ಗುಣ ಹತ್ತು ಪಟ್ಟು ಕೆಟ್ಟು ಮತ್ತೆ ಸುಧಾರಿಸಿತೇ? ಕೊಲಂಬಿಯಾದ ಮೆದೆಯೀನ್‌ನಲ್ಲೂ ಗ್ಯಾಂಗುಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದ್ದ ದೋನ್ ಬೆರ್ನಾ ಎಂಬ ಭೂಗತ ದೊರೆಯನ್ನು 2008ರಲ್ಲಿ ಅಮೆರಿಕಕ್ಕೆ ಒಪ್ಪಿಸಿದ ಮರುವರ್ಷ ಕೊಲೆಗಳು ಹತ್ತಿರಹತ್ತಿರ ಇಮ್ಮಡಿಯಾದವು. ಗುಡ್ಡದ ಮೆಟ್ಟಿಲುದಾರಿಯಲ್ಲಿ ಮೇಲಿನ ತಿರುವು ಒಬ್ಬರದ್ದು, ಕೆಳಗಿನದ್ದು ಇನ್ನೊಬ್ಬರದ್ದು. ಶಾಲೆಗೆ ಹೋಗುವ ಹುಡುಗ ನಡುವೆ ದಾಟಬೇಕು. ಅಲ್ಲಿನವರು ಇದನ್ನು ‘ಕಾಣದ ಗಡಿ’ ಎನ್ನುತ್ತಾರೆ.

ನಮ್ಮ ದೇಶದ ಎಲ್ಲ ಕೊಲೆಗೂ ಈ ಸೂತ್ರ ಹಚ್ಚಬೇಡಿ. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ವರದಿಗಳಲ್ಲಿ ಮುಂದಿರುವ ಕಾರಣಗಳು ತಕರಾರು ಮತ್ತು ವೈಯಕ್ತಿಕ ದ್ವೇಷ. ಗ್ಯಾಂಗಿನ ಪ್ರಕರಣಗಳನ್ನಷ್ಟೇ ಬೇರೆ ಮಾಡಿ. ಎಫ್‌ಐಆರ್‌ನಲ್ಲಿ ಕೃತ್ಯದ ಸ್ಥಳ ಠಾಣೆಯಿಂದ ಯಾವ ದಿಕ್ಕಿಗೆ, ಎಷ್ಟು ದೂರ ಎಂದಿರುತ್ತದೆ. ನಕ್ಷೆಯಲ್ಲಿ ಚುಕ್ಕೆ ಇಡಬೇಕಾದದ್ದು ಅಲ್ಲಿ. ಶವ ಸಿಕ್ಕ ಹೊಳೆಬದಿಯಲ್ಲಿ ಇಟ್ಟರೆ ನಕ್ಷೆ ಹಾಳು, ಸತ್ತವನ ಮನೆ ವಿಳಾಸಕ್ಕೆ ಇಟ್ಟರಂತೂ ಪೂರ್ತಿ ಹಾಳು.

ನನ್ನ ಸಿಟ್ಟು ಇರುವುದು ಇಲ್ಲಿ. ಜನರ ಕೈಗೆ ಸಿಗುವುದು ಜಿಲ್ಲೆಯ ಮೊತ್ತ ಮಾತ್ರ. 1997ರಲ್ಲಿ ಉಡುಪಿ ಬೇರೆಯಾಯಿತು, 2010ರಲ್ಲಿ ಮಂಗಳೂರಿಗೆ ಪೊಲೀಸ್ ಕಮಿಷನರೇಟ್ ಬಂದು ನಗರದ ಲೆಕ್ಕ ಜಿಲ್ಲೆಯಿಂದ ಬೇರೆಯಾಯಿತು. ಇದನ್ನು ಗಮನಿಸದೆ ಹಳೆಯ ದಕ್ಷಿಣ ಕನ್ನಡದ ಅಂಕಿಗೆ ಹೊಸದನ್ನು ಹೋಲಿಸಿದರೆ ಕೊಲೆ ತಾನಾಗಿ ಇಳಿದಂತೆ ಕಾಣುತ್ತದೆ. ನಾವು ಪತ್ರಿಕೆಯವರು ಏರಿಯಾದ ಹೆಸರನ್ನು ದಪ್ಪಕ್ಷರದಲ್ಲಿ ಹಾಕುತ್ತೇವೆ. ಆ ಓಣಿಯ ಹುಡುಗಿಗೆ ಸಂಬಂಧ ಕೂಡುವುದಿಲ್ಲ, ಹುಡುಗನಿಗೆ ಬಾಡಿಗೆ ಮನೆ ಸಿಗುವುದಿಲ್ಲ.

ನಿಮ್ಮ ಠಾಣೆಯ ವಿಷಯಕ್ಕೆ ಬರೋಣ. ಠಾಣೆಯ ಸರಹದ್ದು ಎಷ್ಟೋ ಕಡೆ ದೊಡ್ಡ ರಸ್ತೆ, ಹೊಳೆ, ರೈಲುಹಳಿಯ ಗುಂಟ ಹೋಗುತ್ತದೆ. ಗ್ಯಾಂಗುಗಳೂ ಅವನ್ನೇ ಗಡಿ ಮಾಡಿಕೊಂಡರೆ ರಸ್ತೆಯ ಎಡಬದಿಯ ಪ್ರಕರಣ ಒಂದು ಠಾಣೆಗೆ, ಬಲಬದಿಯದ್ದು ಇನ್ನೊಂದಕ್ಕೆ. ಇಬ್ಬರಿಗೂ ಅರ್ಧ ಚಿತ್ರ. ನಡುವೆ ಹೊಸ ಕಟ್ಟಡ ಬೇಡ. ಆ ರಸ್ತೆಗೆ ಎರಡೂ ಠಾಣೆಯವರ ಜಂಟಿ ಬೀಟ್ (ಗಸ್ತು), ಒಂದೇ ಪುಸ್ತಕ ಇರಲಿ. ಯಾವುದೇ ಗುಂಪಿನ ಮುಖಂಡ ಜೈಲಿಗೆ ಹೋದ ಅಥವಾ ಸತ್ತ ದಿನದಿಂದ ಆ ಬೀಟ್ ದುಪ್ಪಟ್ಟಾಗಲಿ.