ಗಾಳಕ್ಕೆ ಸಿಕ್ಕ ಗೆಂಡೆ ಮೀನನ್ನ ತಿನ್ನೋದಾ, ವಾಪಸ್ ಬಿಡೋದಾ?

ಯಾವ ಗೆಂಡೆ ಅಂತ ನೋಡ್ಬೇಕು ಮೊದಲು. ಕಾಟ್ಲಾ ಮೇಲ್ನೀರಲ್ಲಿ ಮೇಯುತ್ತೆ, ರೋಹು ಮಧ್ಯದಲ್ಲಿ, ಮೃಗಾಲ್ ಮತ್ತೆ ಸಾಮಾನ್ಯ ಗೆಂಡೆ ತಳದ ಕೆಸರಲ್ಲಿ, ಅದಕ್ಕೇ ಇವೆರಡಕ್ಕೂ ಎರೆಹುಳ ಇಲ್ಲಾ ಗಟ್ಟಿಯಾಗಿ ನಾದಿದ ಹಿಟ್ಟಿನ ಉಂಡೆ ಸಿಕ್ಕಿಸಿ ತಳಕ್ಕೆ ಬಿಟ್ಟು ಸುಮ್ನೆ ಕೂತ್ಕೋಬೇಕು. ಕೆರೆ ಆದ್ರೆ ಗುತ್ತಿಗೆ ಹಿಡಿದವರನ್ನ ಕೇಳಿಯೇ ಗಾಳ ಹಾಕಿ, ಮರಿ ಬಿಟ್ಟಿರೋದು ಅವರ ದುಡ್ಡಲ್ಲಿ.

ಸಾಮಾನ್ಯ ಗೆಂಡೆ ಸಿಕ್ರೆ ಮನೆಗೆ ತನ್ನಿ. ಅದು ನಮ್ಮ ನೀರಿನ ಮೀನಲ್ಲ, 1939ರಲ್ಲಿ ಸಿಲೋನ್‌ನಿಂದ ನೀಲಗಿರಿಗೆ ತಂದಿದ್ದು, 1957ರಲ್ಲಿ ಬ್ಯಾಂಕಾಕ್ ತಳಿ ಬಂತು, ತಳ ಕೆದಕಿ ನೀರೆಲ್ಲಾ ರಾಡಿ ಮಾಡುತ್ತೆ, ಜೀವಂತವಾಗಿ ಒಯ್ದು ಬೇರೆ ಕೆರೆಗೋ ಹೊಳೆಗೋ ದಯವಿಟ್ಟು ಬಿಡಬೇಡಿ. ಕೆಸರು ವಾಸನೆ ಇದ್ರೆ ತುಂಡುಗಳಿಗೆ ಉಪ್ಪು, ಅರಿಶಿನ, ಹುಣಸೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೀರಿ, ಆಮೇಲೆ ಸಾರು ಚೆನ್ನಾಗೇ ಆಗುತ್ತೆ. ಸಣ್ಣ ಮುಳ್ಳು ಜಾಸ್ತಿ, ಮಕ್ಕಳಿಗೆ ಬಿಡಿಸಿ ಕೊಡಿ.

ಆದ್ರೆ ಕಾವೇರಿ ಹೊಳೇಲಿ ಕಿತ್ತಳೆ ರೆಕ್ಕೆಯ ಮಹಸೀರ್ ಸಿಕ್ಕಿದ್ರೆ, ಅದೂ ಗೆಂಡೆ ಕುಟುಂಬದ್ದೇ, ಈಗ ಅಳಿವಿನ ಅಂಚಲ್ಲಿದೆ, ಕೈ ಒದ್ದೆ ಮಾಡ್ಕೊಂಡು ನೀರಲ್ಲೇ ಇಟ್ಟು ಗಾಳ ಬಿಡಿಸಿ ಆಗಲೇ ಬಿಟ್ಬಿಡಿ.